ನಾಲ್ಕನೆಯ ಡಿಸ್ಕಿನ ಕೊನೆ

ಮೊನ್ನೆ ಗಡಿಯಾಚೆ ಮಹಾರಾಷ್ಟ್ರದ ತುರೋರಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ, ಹೆದ್ದಾರಿ ಬದಿಯ ಅಂಗಡಿಯಲ್ಲಿ ಮೊಬೈಲ್ ಕವರುಗಳ ರಾಶಿಯ ಕೆಳಗೆ ಒಂದು ಡಬ್ಬಿ ಕಂಡಿತು. ನಾಲ್ಕು ಕನ್ನಡ ಸಿನಿಮಾ, ಒಂದೇ ಪ್ಯಾಕು. ಕುಡಿಯುತ್ತಿದ್ದ ಚಹಾ ಬಿಟ್ಟು ಡಬ್ಬಿಗೆ ಕೈಹಾಕಿದೆ. ಐವತ್ತು ದಾಟಿದವನಿಗೆ ಡಿಸ್ಕು ನೋಡಿ ಹೀಗಾಗಬಾರದು, ಆದರೆ ಆಯಿತು. ಇಂಥ ಕಾಂಬೋ ಪ್ಯಾಕು ಲಾಭವೋ ನಷ್ಟವೋ ಎಂದು ಅಲ್ಲೇ ಹತ್ತಿರದ ಮುರುಮದ ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ವಾದ ನಡೆದಿದೆ. ಅದಕ್ಕೆ ಕಾರಣ ಆಗ ಮನೆಗೆ ಬಂದಿದ್ದ ಇದೇ ನಾಲ್ಕು ಸಿನಿಮಾಗಳ ಡಬ್ಬಿ.

ನಮ್ಮ ಕಾಕೂ, ಅಂದರೆ ಚಿಕ್ಕಮ್ಮ, ಆಳಂದದ ಕಡೆಯವಳು. ಸಿನಿಮಾ ಎಂದರೆ ಜೀವ ಬಿಡುತ್ತಾಳೆ, ಆದರೆ ಒಂದರ ಕೊನೆಯನ್ನೂ ಸರಿಯಾಗಿ ಕಂಡವಳಲ್ಲ. ತವರಿನಲ್ಲಿ ಟೆಂಟಿಗೆ ಕರೆದೊಯ್ಯುತ್ತಿದ್ದ ಅವಳಪ್ಪ, ಬಸ್ಸು ತಪ್ಪೀತೆಂದು ಮುಗಿಯುವ ಮೊದಲೇ ಎಲ್ಲರನ್ನೂ ಎಬ್ಬಿಸುತ್ತಿದ್ದರಂತೆ. "ಒಂದರೆ ಪಿಕ್ಚರ್ ಕಡೀತನಕಾ ನೋಡಬೇಕರೀ," ಎಂದು ಅವಳು ಒಮ್ಮೆ ಗಂಡನ, ಅಂದರೆ ನಮ್ಮ ಕಾಕಾನ ಮುಂದೆ ಹೇಳಿದ್ದಳು. ಮದುವೆಯಾದಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಕಾಕಾ ಕಾಳಿನ ವ್ಯಾಪಾರಿ. ಚೀಲಕ್ಕೆ ಪರಖಿಯ ಚೂಪು ಕೊಳವೆ ಚುಚ್ಚಿ ಮೇಲಿನ, ನಡುವಿನ, ತಳದ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡದೆ ಅವರು ನಮ್ಮಪ್ಪನ ತೊಗರಿಯನ್ನೂ ಕೊಂಡವರಲ್ಲ. ಕಾಕೂಗಾಗಿ ಆ ಪ್ಯಾಕು ಕೊಳ್ಳಲು ಹೋದ ಕಲಬುರಗಿಯ ಅಂಗಡಿಯಲ್ಲಿ ಡಿಸ್ಕುಗಳಿಗೂ ಅದೇ ನ್ಯಾಯವಾಯಿತು. ಪ್ರತಿಯೊಂದನ್ನೂ ಹಚ್ಚಿಸಿ ಮೊದಲು ಸ್ವಲ್ಪ, ನಡುವೆ ಸ್ವಲ್ಪ, ಕೊನೆ ಸ್ವಲ್ಪ ನೋಡಿದರು. ನಾಲ್ಕನೆಯದರ ಹೊತ್ತಿಗೆ ಕರೆಂಟು ಹೋಯಿತು.

ಕಾಕಾನ ಬಾಯಲ್ಲಿ ಎಳ್ಳುಕಾಳೂ ನಿಲ್ಲದು. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು. "ಮಾಲ್ ಏಕದಂ ಚೊಕ್ಕ ಅದ. ಒಂದನೇದ್ರಾಗ ಲಗ್ನ ಆಗ್ತದ, ಎರಡನೇದ್ರಾಗ ಅಣ್ಣನೇ ಕಳ್ಳ, ಮೂರನೇದ್ರಾಗ ಅವ್ವ ಸಾಯ್ತಾಳ. ನಾಲ್ಕನೇದರದು ಮಾತ್ರ ಭರೋಸಾ ಇಲ್ಲ."

ಕಾಕೂ ಡಬ್ಬಿಯನ್ನು ಕೈಯಲ್ಲಿ ಹಿಡಿದೇ ನಿಂತಳು. "ಇನ್ನ ನಾ ಏನ್ ನೋಡ್ಲಿ?" ಎಂದಳು. ಆಮೇಲೆ, "ಆ ನಾಲ್ಕನೇದೇ ಹಚ್ಚು," ಎಂದು ನನಗೆ ಹೇಳಿದಳು.

ಎಂಥ ಸಿನಿಮಾ ಅಂತೀರಿ! ಜಾತ್ರೆಯಲ್ಲಿ ಬೇರೆಯಾದ ಅಕ್ಕ ತಂಗಿ, ಒಬ್ಬರ ಗುರುತು ಒಬ್ಬರಿಗಿಲ್ಲ, ಅಕ್ಕನೇ ನ್ಯಾಯಾಧೀಶೆ. ತಂಗಿ ಕಟಕಟೆ ಹತ್ತಿದಳು. ಅಕ್ಕ ತೀರ್ಪು ಓದಲು ಕನ್ನಡಕ ಹಾಕಿಕೊಂಡಳು. ಚಿತ್ರ ಅಲ್ಲಿಯೇ ಸಿಕ್ಕಿಬಿತ್ತು. ಒರೆಸಿದೆವು, ಊದಿದೆವು, ಬೇಡಿಕೊಂಡೆವು. ಮುಂದೆ ಹೋಗಲಿಲ್ಲ. "ಪರಖಿ ಹಚ್ಚದ ಮಾಲ್ ಹಿಂಗೇ ನೋಡು, ಬಘಾ," ಎಂದರು ಕಾಕಾ. ಕಾಕೂ ಅವತ್ತು ಊಟ ಮಾಡಲಿಲ್ಲ. ನನಗೂ ಕಾಕಾನ ಮೇಲೆ ಸಿಟ್ಟು ಬಂದಿತ್ತು.

ತುರೋರಿಯ ಅಂಗಡಿಯವನು, "ಹಚ್ಚಿ ತೋರಿಸ್ಲೇನ್ರೀ?" ಎಂದ. ಕಾಳಿನ ಮನೆಯಲ್ಲಿ ಹುಟ್ಟಿದ ನಾನು ಜನ್ಮದಲ್ಲಿ ಮೊದಲ ಬಾರಿ, "ನಕೋ, ಹಂಗೇ ಕೊಡು," ಎಂದೆ.

ನೇರ ಮುರುಮಕ್ಕೆ ಓಡಿದೆ. ಕಾಕಾ ಪೇಟೆಗೆ ಹೋಗಿದ್ದರು. ಹಳೆಯ ಪ್ಲೇಯರಿಗೆ ಜೀವವಿತ್ತು, ಪುಣ್ಯ. ಅಕ್ಕ ಕನ್ನಡಕ ಹಾಕಿಕೊಂಡಾಗ ಕಾಕೂ ನನ್ನ ಮುಂಗೈ ಹಿಡಿದಳು. ಚಿತ್ರ ನಿಲ್ಲಲಿಲ್ಲ. ತೀರ್ಪು ಬಂತು, ಕಾಕೂ ಅತ್ತಳು, ನಕ್ಕಳು, ತೆರೆ ಕಪ್ಪಾಗುವತನಕ ಎವೆಯಿಕ್ಕಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ಖುಷಿಯಾದ ಮುಖವನ್ನು ನಾನು ನೋಡಿರಲಿಲ್ಲ. ಮೂರು ಡಿಸ್ಕು ಯಾರೂ ನೋಡದಿದ್ದರೂ ಆ ಪ್ಯಾಕು ಅಗ್ಗವೇ ಎಂದು ನನಗೆ ಅನಿಸಿತು.

ಅಷ್ಟರಲ್ಲಿ ಕಾಕಾ ಬಂದರು. ಡಬ್ಬಿ ಕಂಡಿತು. "ಕೋರ್ಟಿನಾಗ ಕಡೀಕ ಏನಾತು?" ಎಂದು ಬಾಗಿಲಲ್ಲೇ ಕೇಳಿದರು.  

ಕಾಕೂ ಎದ್ದು ಚಿತ್ರವನ್ನು ಮತ್ತೆ ಮೊದಲಿಂದ ಹಚ್ಚಿದಳು. "ಕುಂಡ್ರಿ," ಎಂದಳು. "ನಿಮಗೂ ಯಾರೂ ಹೇಳಬಾರದು."

ಕಾಕಾ ಕುಳಿತರು.