ಮೆಕ್ರೇ ಮನೆಯ ಬಂದೂಕು

ನಮ್ಮ ಕಣಿವೆಯಲ್ಲಿ ಟೊರ್ಕಿಲ್ ಮೆಕ್ರೇಯ ಅಜ್ಜನ ಕಥೆ ಕೇಳದ ಕಿವಿಯಿರಲಿಲ್ಲ. ಜಿಂಕೆ ಬೇಟೆಗೆ ಬರುವ ಸಾಹುಕಾರರನ್ನು ಬೆಟ್ಟಕ್ಕೆ ಕರೆದೊಯ್ಯುವುದು ಆ ಮನೆಯವರ ಕಸುಬು. ಅಜ್ಜನ ಗುರಿ ಮೆಚ್ಚಿ ಯಾರೋ ದೊಡ್ಡವರು ಕೊಟ್ಟರೆಂಬ ಬಂದೂಕು ಒಲೆಯ ಮೇಲ್ಗಡೆ ಗೋಡೆಯಲ್ಲಿತ್ತು. ಬೇರೆ ಬಂದೂಕಿನಲ್ಲಿ ಚೆನ್ನಾಗಿ ಹೊಡೆಯುವ ಟೊರ್ಕಿಲ್, ಅದನ್ನು ಹಿಡಿದರೆ ಸಾಕು, ಗುರಿ ತಪ್ಪುತ್ತಿದ್ದ. ಅಜ್ಜನ ಕೈಗುಣ ತನಗೆ ಬರಲಿಲ್ಲವೆಂದು ಒಳಗೊಳಗೇ ಕೊರಗುತ್ತಿದ್ದ.

ಅರವತ್ತು ದಾಟಿದ ಮೇಲೆ, ಕೊಟ್ಟವರು ಯಾರೆಂದು ತಿಳಿಯಲೇಬೇಕೆಂಬ ಹಟ ಹುಟ್ಟಿತು. ಮಾಡಿದವರ ಹೆಸರು ಸವೆದುಹೋಗಿ, ನಳಿಗೆಯ ಮೇಲೆ ಬರ್ಮಿಂಗ್‌ಹ್ಯಾಮಿನ ಮುದ್ರೆಯಷ್ಟೇ ಉಳಿದಿತ್ತು. ಬಂದೂಕು ಹೊತ್ತು ರೈಲು ಹತ್ತಿ ಅಲ್ಲಿಗೇ ಹೋದ. ಬಂದೂಕು ಮಾಡುವ ಬೀದಿಯಲ್ಲಿ ಈನಕ್ ಟ್ರಾಂಟರ್ ಎಂಬ ಮುದುಕ ಅದನ್ನು ತಿರುಗಿಸಿ ನೋಡಿದ.

"ನಿಮ್ಮಜ್ಜ ಎಡಚರಾ?"

"ಅಲ್ಲ."

"ಕುಳ್ಳಗಿದ್ರಾ?"

"ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಿದ್ರಂತೆ!"

"ಹಂಗಾದ್ರೆ ಇದು ಅವರದ್ದಲ್ಲ ಬಿಡಿ. ಕೆನ್ನೆ ಆನಿಸೋ ಉಬ್ಬು ಬಲಗಡೆ ಇದೆ, ಎಡಗೈಯವರಿಗೆ ಮಾತ್ರ ಹಂಗೆ ಮಾಡೋದು. ಹಿಡಿನೂ ಗಿಡ್ಡ."

"ಹಳೇ ಕಾಲದ ಮಾಟವೇ ಹಂಗೆ ಅಂದ್ಕೊಂಡಿದ್ದೆ."

"ಎಲ್ಲಾದ್ರೂ ಉಂಟಾ! ಈ ಎಲೆ ಕೆತ್ತನೆ ನಮ್ಮ ಬೀದಿ ಹ್ಯಾಡ್ಲಿಂಗ್ಟನ್ ಅಂಗಡೀದು. ಅದು ಮುಚ್ಚಿ ಎಷ್ಟೋ ಕಾಲ ಆಯ್ತು."

ಊರಿಗೆ ಮರಳಿದವನೇ ಟೊರ್ಕಿಲ್ ಸೋದರತ್ತೆ ಎಫೀಯ ಮನೆಗೆ ನುಗ್ಗಿದ. ತೊಂಬತ್ತರ ಮುದುಕಿ ಆಲೂಗಡ್ಡೆ ಸುಲಿಯುತ್ತಿದ್ದಳು. ಹ್ಯಾಡ್ಲಿಂಗ್ಟನ್ ಹೆಸರು ಕೇಳಿದ್ದೇ ತಡ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಅದು ನಮ್ಮಮ್ಮಂದು ಕಣೋ! ಆ ಹ್ಯಾಡ್ಲಿಂಗ್ಟನ್ ಬೇಟೆಗೆ ಬಂದಿದ್ದ. ದಿನವೆಲ್ಲ ಹೊಡೆದ್ರೂ ಒಂದೂ ಬೀಳ್ಲಿಲ್ಲ. ರೊಟ್ಟಿ ಕೊಡೋಕೆ ಹೋಗಿದ್ದ ಅಮ್ಮ, 'ಕೊಡಿ ಇಲ್ಲಿ' ಅಂತ ಬಂದೂಕು ಇಸ್ಕೊಂಡು ಒಂದೇ ಏಟಿಗೆ ಜಿಂಕೆ ಕೆಡವಿದ್ಲು. ಪುಣ್ಯಾತ್ಮ ಕೋಪ ಮಾಡ್ಕೊಳ್ಲಿಲ್ಲ. ಅಮ್ಮ ಎಡಚಿ, ಕುಳ್ಳಿ ಬೇರೆ; ಅವಳ ತೋಳಿನ ಅಳತೆ ತಗೊಂಡು ಹೋಗಿ, ಇದನ್ನ ಮಾಡಿ ಕಳಿಸ್ದ."

"ಮತ್ತೆ ಅಜ್ಜ?"

"ಪಾಪ, ಅಪ್ಪನಿಗೆ ಹತ್ತು ಮಾರು ಆಚೆ ಎಲ್ಲಾ ಮಂಜು. ಬಿದ್ದ ಜಿಂಕೆ ಹೊತ್ಕೊಂಡು ಬರೋದ್ರಲ್ಲಿ ಮಾತ್ರ ಅವನಂಥೋರು ಇರ್ಲಿಲ್ಲ."

"ಇಷ್ಟು ವರ್ಷ ಯಾಕತ್ತೆ ಹೇಳ್ಲಿಲ್ಲ?"

"ನೀನು ಯಾವತ್ತು ಕೇಳ್ದೆ? ನೀನು ಹೇಳ್ತಿದ್ದೆ, ನಾನು ಕೇಳ್ತಿದ್ದೆ."

ಟೊರ್ಕಿಲ್ ಪೆಚ್ಚಾಗಿ ಕೂತ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ತನ್ನ ಕೈಯಲ್ಲಿ ದೋಷವಿರಲಿಲ್ಲ ಎಂಬುದೇ ಅವನಿಗೆ ದೊಡ್ಡ ನೆಮ್ಮದಿ.

ಆ ಶನಿವಾರ ಹೆಂಡದಂಗಡಿಯಲ್ಲಿ ನಮಗೆಲ್ಲ ತಾನೇ ಕಥೆ ಹೇಳಿದ.

"ಅಂದ್ರೆ ನಿಮ್ಮಜ್ಜ ಬರೀ ಹೊರೋ ಕತ್ತೆ ಅನ್ನು!" ಎಂದು ನಾನು ಕೆಣಕಿದೆ.

"ಹೌದಪ್ಪಾ, ಆದ್ರೆ ಎಂಥಾ ಕತ್ತೆ! ಎರಡೆರಡು ಜಿಂಕೆ ಒಟ್ಟಿಗೆ ಹೊರ್ತಿದ್ದ, ಗೊತ್ತಾ?" ಎಂದು ಟೊರ್ಕಿಲ್ ಎದೆಯುಬ್ಬಿಸಿದ.