ಸೋಲಿನ ಪೀಠಾಧಿಪತಿ

ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೆತ್ತ ತಾಯಿಯೇ "ಏ ಫೌಂಡರ್, ಗೀಸರ್ ಆಫ್ ಮಾಡೋ" ಅನ್ನುತ್ತಿದ್ದಳು. ಅದರಲ್ಲಿದ್ದ ಗೇಲಿ ಅವನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸುವ ಕಿವಿ ಇದ್ದಿದ್ದರೆ ಅವನು ಆ ಕೋರ್ಸಿಗೆ ಸೇರುತ್ತಲೇ ಇರಲಿಲ್ಲ ಬಿಡಿ.

ಕೋರ್ಸು ಅಂದರೆ ಉದ್ಯಮಶೀಲತೆ ಮತ್ತು ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಪದವಿ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೈಯಲ್ಲಿದ್ದ ಚಹಾ ಆರಿಹೋಗುತ್ತದೆ. ಸೇರುವ ದಿನ ಗೋಡೆಯ ಮೇಲೆ ಒಂದು ಮರದ ಚಿತ್ರ ತೋರಿಸಿದ್ದರು, ಕೊಂಬೆಗೊಂದು ವೃತ್ತಿ. ಓದು ಮುಗಿದ ಮೇಲೆ ಯಾರು ಯಾವ ಕೊಂಬೆ ಹಿಡಿದರು? ಒಬ್ಬ ಸಿಮೆಂಟ್ ಅಂಗಡಿಯವರ ಮಗಳನ್ನು ಮದುವೆಯಾಗಿ ಮಾವನ ಗಲ್ಲಾದ ಹಿಂದೆ ಕೂತ. ಕಾರ್ಡಿನಲ್ಲಿ ಮಾತ್ರ ಮುಖ್ಯ ಕಾರ್ಯತಂತ್ರ ಅಧಿಕಾರಿ. ಇನ್ನೊಬ್ಬ, ಜನ್ಮದಲ್ಲಿ ಒಂದು ಬೆಂಕಿಪೊಟ್ಟಣ ಮಾರದವನು, ಅದೇ ಕಾಲೇಜಿನಲ್ಲಿ ಮಾರಾಟದ ಪಾಠ ಹೇಳತೊಡಗಿದ. ಮತ್ತೊಬ್ಬಳು ಬಹಳ ಗುಟ್ಟಾಗಿ ಏನನ್ನೋ ಕಟ್ಟುತ್ತಿದ್ದಾಳಂತೆ. ಎಷ್ಟು ಗುಟ್ಟೆಂದರೆ ಅದೇನೆಂದು ಅವಳಿಗೂ ಇನ್ನೂ ಗೊತ್ತಾಗಿಲ್ಲ. ಮೇಷ್ಟ್ರುಗಳು ಹೇಳಿದ್ದನ್ನೆಲ್ಲ ನಿಜವೆಂದು ನಂಬಿ ಕಂಪನಿ ತೆರೆದವನು ನಮ್ಮ ಫೌಂಡರ್ ಒಬ್ಬನೇ.

ಅವನು ಮಾಡಿದ್ದು ಬಟ್ಟೆ ಒಣಹಾಕುವ ಕ್ಲಿಪ್ಪು. ಅದರ ಹೊಟ್ಟೆಯಲ್ಲಿ ಒಂದು ಸೆನ್ಸರ್, ಒಂದು ಬ್ಯಾಟರಿ. ಬಟ್ಟೆ ಒಣಗಿದ ಕೂಡಲೇ ಫೋನಿಗೆ ಸುದ್ದಿ ಹೋಗಬೇಕು.

"ಮುಟ್ಟಿ ನೋಡಿದ್ರೆ ಗೊತ್ತಾಗಲ್ವೇನೋ?" ಅಂತ ತಾಯಿ ಕೇಳಿದಳು.

"ಅಮ್ಮಾ, ನೀನು ನಮ್ಮ ಟಾರ್ಗೆಟ್ ಕಸ್ಟಮರ್ ಅಲ್ಲ."

ಹಾಗಾದರೆ ಯಾರು ಅನ್ನುವುದು ಕೊನೆಗೂ ಪತ್ತೆಯಾಗಲಿಲ್ಲ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಕರ್ಚೀಫಿಗಿಂತ ಕ್ಲಿಪ್ಪೇ ಭಾರ. ಆ ಭಾರ ತಡೆಯಲೆಂದು ಅವನು ಹುಡುಕಿ ಹುಡುಕಿ ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದ. ಬೆರಳು ಸಿಕ್ಕಿದರೆ ನೀಲಿಗಟ್ಟುತ್ತಿತ್ತು. ಕಂಪನಿ ಮಕಾಡೆ ಮಲಗಿತು. ಮಾರದೆ ಉಳಿದ ಕ್ಲಿಪ್ಪುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಮನೆಗೆ ಬಂದು ಮಂಚದ ಕೆಳಗೆ, ಸೋಫಾದ ಹಿಂದೆ, ಬಚ್ಚಲುಮನೆಯ ಅಟ್ಟದ ಮೇಲೆ ಕೂತವು.

ಅವನ ನಿಜವಾದ ವೃತ್ತಿ ಶುರುವಾದದ್ದು ಆಮೇಲೆ. ಒಂದು ದಿನ ಕಾಲೇಜಿನ ವಿಭಾಗದ ಮುಖ್ಯಸ್ಥೆ, ಮೇಡಂ, ಫೋನ್ ಮಾಡಿದರು. "ಗೆದ್ದೋರು ಯಾರೂ ಫೋನ್ ಎತ್ತಲ್ಲ ಕಣ್ರೀ. ನೀವು ಬಂದು ನಿಮ್ಮ ಸೋಲಿನ ಬಗ್ಗೆ ನಾಲ್ಕು ಮಾತಾಡಿ."

ಅವನು ಹೋಗಿ ನಾಲ್ಕರ ಬದಲು ನಾನೂರು ಮಾತಾಡಿದ. ಹುಡುಗಿಯರು ಕಣ್ಣೊರೆಸಿಕೊಂಡರು, ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದೆ ಕ್ಲಿಪ್ಪು ತೋರಿಸಿದಾಗ ಒಂದು ನರಪಿಳ್ಳೆಯೂ ತಟ್ಟಿರಲಿಲ್ಲ. ಅಲ್ಲಿಂದ ಇನ್ನೊಂದು ಕಾಲೇಜು, ಒಂದು ಬ್ಯಾಂಕು, ಒಂದು ಟೈರ್ ಕಂಪನಿ. ಒಂದೇ ಸೋಲು ತೆಳುವಾಯಿತು ಅನ್ನಿಸಿದಾಗ ಚಿಕ್ಕಂದಿನಲ್ಲಿ ಬೀದಿ ಬದಿಯಲ್ಲಿ ಶರಬತ್ತು ಮಾರಲು ಹೋಗಿ ಚೆಲ್ಲಿಕೊಂಡದ್ದನ್ನೂ ಸೇರಿಸಿ 'ಸರಣಿ ಸೋಲುಗಾರ' ಆದ. ಬಂದ ಸಂಭಾವನೆ ಕೋಟು, ಬೂಟಿಗೆ ಸರಿಹೋಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಹಿಟ್ಟಿನ ವ್ಯವಸ್ಥೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಿದ್ದ ಹೆಂಡತಿಯದು.

ಹೀಗಿರುವಾಗ ಕಾಲೇಜಿನವರು 'ಸೋಲಿನ ಅಧ್ಯಯನ ಪೀಠ' ಅಂತ ಒಂದನ್ನು ತೆರೆಯುವುದೆಂದು ತೀರ್ಮಾನಿಸಿದರು. ಖಾಯಂ ಹುದ್ದೆ, ತಿಂಗಳ ಸಂಬಳ, ಸ್ವಂತ ಕೋಣೆ, ಬಾಗಿಲಿಗೆ ಹಿತ್ತಾಳೆಯ ಫಲಕ. ಅದನ್ನು ಕೇಳಿದಾಗಿನಿಂದ ಅವನಿಗೆ ಅನ್ನ ಸೇರಲಿಲ್ಲ.

"ನೀವೇ ಅಂತ ಇಟ್ಕೊಳ್ಳಿ," ಅಂದರು ಮೇಡಂ. "ಒಂದೇ ಷರತ್ತು. ಕಂಪನಿ ಕಾನೂನು ಪ್ರಕಾರ ಮುಚ್ಚಿರಬೇಕು. ಆಮೇಲೆ ಯಾರೂ ನಮ್ಮ ಹತ್ರ ಬಂದು ಇವನು ಸೋತೇ ಇಲ್ಲ ಅನ್ನಬಾರದು ನೋಡಿ."

ಅವನು ಕಂಪನಿಗೆ ಹೋಗುವುದನ್ನು ನಿಲ್ಲಿಸಿದ್ದನೇ ಹೊರತು ಮುಚ್ಚಿರಲಿಲ್ಲ. ಅದೇನು ಮಹಾ ಅಂದುಕೊಂಡು ಮನೆಗೆ ಬಂದ.

ನಡುಮನೆಯಲ್ಲಿ ತಾಯಿ ಟಿವಿ ನೋಡುತ್ತಾ ಮಡಿಲಲ್ಲಿ ಬೇಸಿನ್ ಇಟ್ಟುಕೊಂಡು, ಬಟಾಣಿ ಸುಲಿದ ಹಾಗೆ, ಸ್ಕ್ರೂಡ್ರೈವರಿನಿಂದ ಕ್ಲಿಪ್ಪುಗಳ ಹೊಟ್ಟೆ ಬಗೆದು ಸೆನ್ಸರ್ ಕೀಳುತ್ತಿದ್ದಳು. ಪಕ್ಕದಲ್ಲಿ ಹೆಂಡತಿ ಕ್ಲಿಪ್ಪುಗಳನ್ನು ಡಬ್ಬಕ್ಕೆ ತುಂಬಿ ಟೇಪು ಅಂಟಿಸುತ್ತಿದ್ದಳು.

"ಅಯ್ಯೋ, ಇದೇನು ಮಾಡ್ತಿದ್ದೀರಾ ಇಬ್ರೂ?"

"ಹೋಟೆಲ್ ಲಾಂಡ್ರಿಯೋರು ಕೇಳಿದ್ರು," ಅಂದಳು ಹೆಂಡತಿ. "ಎಂಥಾ ಗಾಳಿ ಬಂದ್ರೂ ಬೆಡ್‌ಶೀಟ್ ಹಾರಲ್ಲವಂತೆ. ಆಸ್ಪತ್ರೆಯೋರೂ ತಗೋತಿದ್ದಾರೆ. ನಿಮ್ಮ ಕಂಪನಿ ಹೆಸರಲ್ಲೇ ಬಿಲ್ ಕೊಡ್ತಿದ್ದೀನಿ. ಹೇಳೋಣ ಅಂದ್ರೆ ನೀವು ಸಿಕ್ಕಿದ್ದೆಲ್ಲಿ? ಯಾವಾಗಲೂ ಯಾವುದಾದರೂ ಊರಲ್ಲಿ ಸೋಲ್ತಾ ಇರ್ತೀರ."

"ನಷ್ಟ ಆಗಿದೆ ತಾನೇ?" ಅಂದ, ಆಸೆಯಿಂದ.

"ಇಲ್ಲಾರೀ, ಲಾಭ."

ಅವನು ಕುಸಿದು ಕೂತ. ಕಂಪನಿ ಮುಳುಗಿದ ದಿನವೂ ಅವನು ಹೀಗೆ ಕೂತಿರಲಿಲ್ಲ. ಪೀಠದ ವಿಷಯ ಬಾಯಿಬಿಟ್ಟ. ಕಂಪನಿ ಈಗಲೇ ಮುಚ್ಚಬೇಕು ಅಂದ.

ಹೆಂಡತಿ ಟೇಪು ಕೆಳಗಿಟ್ಟು ಅವನ ಪಕ್ಕ ಬಂದು ಕೂತಳು. "ನನ್ನ ಮಾತು ಸ್ವಲ್ಪ ಕೇಳಿ. ಇರೋ ಪೆಟ್ಟಿಗೆ ಮುಗೀತಾ ಬಂತು, ಹೊಸದಾಗಿ ಮಾಡಿಸಬೇಕು. ಕ್ಲಿನಿಕ್ಕು, ಮನೆ, ಇದು, ಮೂರೂ ನನ್ನೊಬ್ಬಳ ಕೈಲಿ ಆಗ್ತಿಲ್ಲ. ನೀವು ಬನ್ನಿ, ಇಬ್ರೂ ಸೇರಿ ನಡೆಸೋಣ. ಆ ಸ್ಪ್ರಿಂಗ್ ಹುಡುಕಿದ್ದು ನೀವೇ ಅಲ್ವಾ? ಎಲ್ರೂ ಅದನ್ನೇ ಹೊಗಳ್ತಾರೆ ರೀ."

ಒಂದು ಗಳಿಗೆ ಅವನಿಗೆ ಹಿತವಾಯಿತು. ತಾನು ಮಾಡಿದ್ದನ್ನು ಯಾರೋ ಕೈಯಲ್ಲಿ ಹಿಡಿದು ಚೆನ್ನಾಗಿದೆ ಅಂದದ್ದು ಇದೇ ಮೊದಲು. ಸುಮ್ಮನೆ ಹೂಂ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆದರೆ ಹಿತ್ತಾಳೆಯ ಫಲಕ ಕಣ್ಣಮುಂದೆ ಬಂದುಬಿಟ್ಟಿತಲ್ಲ.

"ಅಷ್ಟು ಓದಿ ನಾನು ಕ್ಲಿಪ್ಪು ಮಾರಲಾ?"

"ಮೊದಲು ಇನ್ನೇನು ಮಾರ್ತಿದ್ರಿ?"

"ಡೇಟಾ," ಅಂದ ಅವನು, ಗಂಭೀರವಾಗಿ.

ತಾಯಿ ಟಿವಿಯ ಸದ್ದು ಜಾಸ್ತಿ ಮಾಡಿದಳು. ಹೆಂಡತಿ ಮತ್ತೆ ಒತ್ತಾಯಿಸಲಿಲ್ಲ. "ಹಾಗಾದ್ರೆ ಮುಚ್ಚಿ. ನಾನು ನನ್ನ ಹೆಸರಲ್ಲಿ ಬೇರೆ ತೆರೀತೀನಿ. ಆಮೇಲೆ ಇದ್ರಲ್ಲಿ ನಿಮ್ಮದು ಅನ್ನೋದು ಏನೂ ಇರಲ್ಲ, ಆಗಬಹುದಾ?" ಅಂದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂತ ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಸ್ಪ್ರಿಂಗಿನ ಹಕ್ಕು, ಅಚ್ಚು, ಗಿರಾಕಿಗಳು, ಎಲ್ಲವನ್ನೂ ಅವಳಿಗೆ ಬರೆದುಕೊಟ್ಟು, ಕಂಪನಿಗೆ ಕಾನೂನುಬದ್ಧವಾಗಿ ಬೀಗ ಹಾಕಿಸಿದ.

ಸಂದರ್ಶನದ ದಿನ ಮೇಡಂ ಜೊತೆ ಕೂತವರಲ್ಲಿ ಒಬ್ಬರು ಲೆಕ್ಕ ಪರಿಶೋಧಕರು. ಅವನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತನ್ನ ಸೋಲುಗಳನ್ನು ಹೇಳಿ ಮುಗಿಸಿದ. ಮೇಡಂ ಕರ್ಚೀಫು ತೆಗೆದರು. ಲೆಕ್ಕದವರು ಮಾತ್ರ ಕಾಗದ ತಿರುವಿ ಹಾಕುತ್ತಾ, "ಅಲ್ಲಾ ಸ್ವಾಮಿ, ಮುಚ್ಚೋ ಹೊತ್ತಿಗೆ ನಿಮ್ಮ ಕಂಪನಿ ಲಾಭದಲ್ಲಿತ್ತಲ್ಲ?" ಅಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡ ಅವನು. ಸುಳ್ಳು ಹುಡುಕಿದ, ಸಿಗಲಿಲ್ಲ. "ಹೌದು ಸಾರ್," ಅಂದ. "ನಮ್ಮ ಮನೆಯವಳು ನಡೆಸ್ತಿದ್ಲು. ಚೆನ್ನಾಗೇ ನಡೀತಿತ್ತು. ಈ ಕೆಲಸ ಸಿಗಲಿ ಅಂತ ಮುಚ್ಚಿಸಿದೆ. ಅದರಲ್ಲೀಗ ನನ್ನದು ಏನೂ ಇಲ್ಲ."

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಅವನೂ ಹೆದರಿ ಎದ್ದ. ಅವರು ಅವನ ಕೈ ಹಿಡಿದು ಕುಲುಕಿದರು.

"ದುಡ್ಡಿಲ್ಲದೆ ಸೋತೋರನ್ನ ನೋಡಿದ್ದೀವಿ, ಗಿರಾಕಿ ಇಲ್ಲದೆ ಸೋತೋರನ್ನ ನೋಡಿದ್ದೀವಿ. ಚೆನ್ನಾಗಿ ಓಡ್ತಿರೋ ಕಂಪನೀನ ಸಂಬಳದ ಆಸೆಗೆ ಕೈಯಾರೆ ಬಿಟ್ಟುಕೊಟ್ಟೋರು! ನಮ್ಮ ವಿಭಾಗದಲ್ಲಿ ಇಂಥ ಸೋಲು ಇದುವರೆಗೂ ಯಾರೂ ಸೋತಿಲ್ಲ. ಇದನ್ನೇ ಮೊದಲನೇ ಪಾಠ ಮಾಡಿ ಸಾರ್."

ಎಲ್ಲರೂ ಚಪ್ಪಾಳೆ ತಟ್ಟಿದರು, ಲೆಕ್ಕದವರೂ ಸೇರಿ. ಅವನು ಅಭ್ಯಾಸಬಲದಿಂದ ಎದೆಯ ಮೇಲೆ ಕೈಯಿಟ್ಟು ಬಾಗಿದ. ಬಾಗಿದವನಿಗೆ ತಕ್ಷಣ ತಲೆ ಎತ್ತಲು ಆಗಲಿಲ್ಲ.

ಮನೆಗೆ ಬಂದಾಗ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಕ್ಲಿಪ್ಪುಗಳ ಮೂಟೆಗಳು ಬಂದಿದ್ದವು. ಕೆಲಸಕ್ಕೆ ಇಬ್ಬರು ಹೆಂಗಸರು ಸೇರಿಕೊಂಡಿದ್ದರು. ಹೆಂಡತಿ ಫೋನಿನಲ್ಲಿ ಯಾರಿಗೋ ನಾಡಿದ್ದು ಕಳಿಸುತ್ತೇನೆ ಅನ್ನುತ್ತಿದ್ದಳು.

"ಏನಾಯ್ತೋ?" ಅಂದಳು ತಾಯಿ.

"ಸಿಕ್ತು."

"ಅಷ್ಟು ಜನ ಅರ್ಜಿ ಹಾಕಿದ್ರಂತಲ್ಲ, ಏನು ನೋಡಿ ನಿನಗೇ ಕೊಟ್ರು?"

"ನನ್ನಷ್ಟು ಚೆನ್ನಾಗಿ ಯಾರೂ ಸೋತಿಲ್ಲವಂತೆ."

"ಹೋಗ್ಲಿ ಬಿಡಪ್ಪ," ಅಂದಳು ತಾಯಿ. "ಯಾವುದಾದ್ರೂ ಒಂದ್ರಲ್ಲಿ ಮೊದಲನೇ ನಂಬರ್ ಬಂದ್ಯಲ್ಲ."

ಕೆಲಸದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹೆಂಡತಿ ಫೋನ್ ಕೆಳಗಿಟ್ಟು ಅವನ ಮುಖ ನೋಡಿದಳು. ಅವಳೂ ನಗುತ್ತಾಳೆ ಅಂತ ಅವನು ಹಲ್ಲು ಕಚ್ಚಿ ಕಾದ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ನಗಲಿಲ್ಲ. "ಬನ್ನಿ, ಊಟ ಮಾಡಿ," ಅಂದಳು, ಕಾಯಿಲೆಯವರ ಹತ್ತಿರ ಮಾತಾಡುವಷ್ಟು ಮೆತ್ತಗೆ.