ಬೀಮಿಗೆ ಕೈ ಮುಗಿಯುತ್ತಿದ್ದ ದೊಡ್ಡತಾಯಿ

ದೊಡ್ಡತಾಯಿಯ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವಳ ಅಂಗಾಲುಗಳನ್ನು. ನಂಜನಗೂಡಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಟ್ರಂಕು ಹೊತ್ತು ಸೇರಿದ ದಿನ ರೂಮಿನ ಬಾಗಿಲು ತಳ್ಳಿದರೆ, ಗೋಡೆಗೆ ಎರಡು ಹಿಮ್ಮಡಿಗಳು ಒರಗಿದ್ದವು. ಕೆಳಗೆ ನೆಲದ ಹತ್ತಿರ ಕೆಂಪೇರಿದ ಒಂದು ಮುಖ.

"ಬಾರಮ್ಮಿ, ಆ ಮಂಚ ನಿಂದು. ಕಿಟ್ಕಿ ಮಂಚ ನಂದು," ಎಂದಿತು ಆ ಮುಖ. ನಾನೂ ಬಗ್ಗಿ, ತಲೆ ಓರೆ ಮಾಡಿಕೊಂಡೇ ನನ್ನ ಹೆಸರು ಹೇಳಿದೆ.

ಪೂರ್ತಿ ಹೆಸರು ದೊಡ್ಡತಾಯಮ್ಮ. ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಆಳು ನೋಡಿದರೆ ನನ್ನ ಭುಜದ ಎತ್ತರ. ಜಿಮ್ನಾಸ್ಟಿಕ್ಸ್ ಪಂದ್ಯಗಳಲ್ಲಿ ಮೈಕಿನವರು ಅವಳ ಹೆಸರು ಕೂಗಿದರೆ, ಯಾರೋ ದಪ್ಪನೆಯ ಯಜಮಾನಿ ಬರುತ್ತಾಳೆಂದು ಜನ ಬಾಗಿಲ ಕಡೆ ತಿರುಗುತ್ತಿದ್ದರು. ಅಷ್ಟರಲ್ಲಿ ಇವಳು ಪುಟುಪುಟು ನಡೆದು ಮ್ಯಾಟಿನ ಮೇಲೆ ನಿಂತಾಗಿರುತ್ತಿತ್ತು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಇಂಗ್ಲಿಷ್ ಪೇಪರನ್ನು ಮೂರು ಸಲ ಬರೆದು ಗೆದ್ದವಳು. ದೊಡ್ಡತಾಯಿ ಬೆಳಗಿನ ಮೊದಲ ರೈಲಿಗೆ ಮೈಸೂರಿಗೆ ಹೋಗಿ, ಅಭ್ಯಾಸ ಮುಗಿಸಿ, ಮೈಯೆಲ್ಲ ನೋವಿನ ಮುಲಾಮು ಬಳಿದುಕೊಂಡು ಕಾಲೇಜಿಗೆ ಬರುವಳು. ಓದಲು ಅವಳಿಗೆ ಹೊತ್ತೆಲ್ಲಿ? ಸಂಜೆ ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಂತು, "ಜೋರಾಗ್ ಓದಮ್ಮಿ, ರಕ್ತದ್ ಜೊತೆಗೇ ತಲೆಗಿಳೀತದೆ," ಎನ್ನುವಳು. ನಾನು ಓದುತ್ತಿದ್ದೆ. ಪರೀಕ್ಷೆಯಲ್ಲಿ ತಲೆಕೆಳಗೆ ಕೇಳಿದವಳು ಪಾಸು, ನೆಟ್ಟಗೆ ಕೂತು ಓದಿದವಳು ಫೇಲು.

ಅವಳ ಊರು ಬನ್ನೂರಿನ ಹತ್ತಿರದ ಒಂದು ಹಳ್ಳಿ. ಕಾಲಿಟ್ಟಲ್ಲೆಲ್ಲ ಭತ್ತದ ಗದ್ದೆ, ಗದ್ದೆಗೊಂದು ಬದು. ಆ ಬದುಗಳ ಮೇಲೆ ಓಡಿ, ಲಾಗ ಹಾಕಿ ಬೆಳೆದವಳು ಇವಳು. ನಾಟಿಗೆ ಮುಂಚೆ ಹಸಿ ಕೆಸರು ಮೆತ್ತಿ ನುಣ್ಣಗೆ ಮಾಡಿದ ಬದುವಿನ ಮೇಲೆ ಒಂದು ದಿನ ಜಾರಿ ಬಿದ್ದು, ಮಾರುದ್ದ ಒಡೆದು ಹಾಕಿದಳಂತೆ. ಕಾಲು ಉಳುಕಿದೆಯೇ ಎಂದು ಅಜ್ಜಿ ಕೇಳಲಿಲ್ಲ. "ತುಳ್ದು ಒಡ್ದಾಕ್ಬುಟ್ಟು ಅಂಗೇ ಎದ್ದೋಯ್ತೀಯಾ? ಮೊದ್ಲು ಭೂಮ್ತಾಯ್ ಮುಟ್ಟಿ ತಪ್ಪಾಯ್ತು ಅನ್ನು, ಆಮೇಲ್ ಏಳು," ಎಂದಿತಂತೆ. ಅವತ್ತು ಹಿಡಿದ ಅಭ್ಯಾಸ ಬಿಡಲೇ ಇಲ್ಲ.

ಬದುವಿನಲ್ಲಿ ಅದು ಭಕ್ತಿ. ಬೀಮಿನಲ್ಲಿ ಅದೇ ಗ್ರಹಚಾರ. ಬೀಮು ಎಂದರೆ ಎದೆಮಟ್ಟಕ್ಕೆ ನಿಲ್ಲಿಸಿದ ಅಂಗೈ ಅಗಲದ ಹಲಗೆ. ಅದರ ಮೇಲೆ ಕುಣಿಯಬೇಕು, ಹಿಂದಕ್ಕೆ ಲಾಗ ಹಾಕಬೇಕು. ಬಿದ್ದರೆ ಹತ್ತು ಸೆಕೆಂಡಿನೊಳಗೆ ಮತ್ತೆ ಹತ್ತಬೇಕು, ಇಲ್ಲದಿದ್ದರೆ ಆಟ ಅಲ್ಲಿಗೇ ಮುಗಿಯಿತು. ಬೇರೆ ಹುಡುಗಿಯರು ಬಿದ್ದರೆ ಕೈಗೆ ಪೌಡರು ಹಚ್ಚಿ ಹತ್ತುತ್ತಿದ್ದರು. ಇವಳು ಬಿದ್ದರೆ ಹಲಗೆಯನ್ನು ಎರಡೂ ಕೈಯಲ್ಲಿ ಮುಟ್ಟಿ, ಕಣ್ಣಿಗೊತ್ತಿಕೊಂಡು, ತುಟಿಯಲ್ಲೇ ತಪ್ಪಾಯ್ತು ಎಂದು ಕೇಳಿಕೊಂಡು, ಕೆನ್ನೆ ಮುಟ್ಟಿಕೊಂಡು, ಆಮೇಲೆ ಹತ್ತುವಳು. ರಾಜ್ಯಮಟ್ಟದಲ್ಲಿ ಎರಡು ಬೆಳ್ಳಿ ಗೆದ್ದವಳು ಹಿಂದಿನ ವರ್ಷ ರಾಷ್ಟ್ರೀಯ ಪಂದ್ಯಕ್ಕೆ ಹೋಗುವ ರಾಜ್ಯ ತಂಡದ ಆಯ್ಕೆಯಲ್ಲಿ ಹನ್ನೊಂದನೇ ಸೆಕೆಂಡಿಗೆ ಹತ್ತಿ, ಮನೆಗೆ ಬಂದಿದ್ದಳು.

"ಅದು ಫೋಮು, ರೆಕ್ಸಿನ್ನು ಕಣಮ್ಮ! ದೇವರಲ್ಲ!" ಎಂದು ಕೋಚ್ ಪ್ರಭಾಕರ್ ಸರ್ ತಲೆ ಚಚ್ಚಿಕೊಳ್ಳುತ್ತಿದ್ದರು.

"ಗೊತ್ತು ಸಾ. ಆದ್ರೂ ತುಳ್ದಿದೀನಲ್ಲ ಸಾ."

ಅವಳಿಗಿದ್ದ ಆಸೆ ಒಂದೇ. "ಬೆನ್ ಮ್ಯಾಲೆ ಕರ್ನಾಟಕ ಅಂತ ಬರ್ದಿರೋ ಕೋಟ್ ಆಕ್ಕಂಡು ಬನ್ನೂರ್ ಬಸ್‌ಸ್ಟ್ಯಾಂಡಲ್ ಇಳೀಬೇಕು ಕಣಮ್ಮಿ. ಒಂದೇ ಒಂದ್ ಸಲ." ವಯಸ್ಸು ಇಪ್ಪತ್ತಾಗಿತ್ತು, ಮಂಡಿ ಆಗಲೇ ಕಟಕಟ ಎನ್ನುತ್ತಿತ್ತು. ಇದೇ ಕೊನೆಯ ಅವಕಾಶ ಎಂದು ಸರ್ ಹೇಳಿಬಿಟ್ಟಿದ್ದರು.

ಆಯ್ಕೆಯ ದಿನ ಸರ್ ನನ್ನನ್ನೂ ಮೈಸೂರಿಗೆ ಕರೆಸಿ ಗ್ಯಾಲರಿಯಲ್ಲಿ ಕೂರಿಸಿದರು. "ಅವಳು ಬಿದ್ದು ಕೈ ಮುಗಿಯಕ್ಕೆ ಶುರು ಮಾಡಿದ್ರೆ ನೀನು ಕೂಗಬೇಕು. ನನ್ನ ಮಾತು ಅವಳ ಕಿವಿಗೆ ಬೀಳಲ್ಲ."

ಅರ್ಧದವರೆಗೂ ಚೆನ್ನಾಗಿತ್ತು. ಲಾಗ ಮುಗಿದು ಕಾಲೂರಿದಾಗ ಬಲಗಾಲು ಜಾರಿತು. ಬಿದ್ದಳು. ಎದ್ದಳು. ಎರಡೂ ಕೈ ಹಲಗೆಯ ಕಡೆ ಹೋದವು. ನಾನು ಎದ್ದು ನಿಂತು ಹೊಲದಲ್ಲಿ ಕೂಗುವ ಹಾಗೆ ಕೂಗಿದೆ: "ಲೇ ದೊಡ್ತಾಯೀ, ಕೈ ಮುಗೀಬ್ಯಾಡ, ಮ್ಯಾಕ್ ಅತ್ತೇ!"

ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. ತೀರ್ಪುಗಾರರೂ ತಿರುಗಿದರು.

"ಇರಮ್ಮಿ, ಕೇಳ್ಕತಾ ಇವ್ನಿ!" ಎಂದಳು, ಇಡೀ ಹಾಲಿಗೆ ಕೇಳುವ ಹಾಗೆ.

ಪ್ರಭಾಕರ್ ಸರ್ ಕುರ್ಚಿಯಲ್ಲಿ ಕುಸಿದರು. ನಾನು ಬೆರಳು ಮಡಿಸಿ ಎಣಿಸುತ್ತಿದ್ದೆ. ಏಳಕ್ಕೆ ಕಣ್ಣಿಗೊತ್ತಿಕೊಂಡಳು, ಎಂಟಕ್ಕೆ ಕೆನ್ನೆ, ಒಂಬತ್ತಕ್ಕೆ ಬೀಮಿನ ಮೇಲಿದ್ದಳು. ಆಮೇಲಿನದು ನಾನು ಜನ್ಮದಲ್ಲಿ ಮರೆಯದ ಆಟ. ಕೊನೆಗೆ ಗಾಳಿಯಲ್ಲಿ ಎರಡು ಸುತ್ತು ಸುತ್ತಿ ಇಳಿದು, ನೆಟ್ಟ ಗೂಟದ ಹಾಗೆ ನಿಂತಳು. ತಂಡಕ್ಕೆ ಆರು ಜನ, ಆರನೆಯವಳು ಇವಳು.

ಆ ಕೋಟು ಬಂದದ್ದು ಸುಡುವ ಬೇಸಿಗೆಯಲ್ಲಿ. ಹಾಕಿಕೊಂಡು ಊರಿಗೆ ಹೊರಟಳು, ನನ್ನನ್ನೂ ಎಳೆದುಕೊಂಡು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲೊಲ್ಲಳು. ಕೂತರೆ ಬೆನ್ನಿನ ಅಕ್ಷರ ಯಾರಿಗೂ ಕಾಣುವುದಿಲ್ಲವಲ್ಲ! ಮೈಸೂರಿನಿಂದ ಬನ್ನೂರಿನವರೆಗೆ ಬೆವರು ಸುರಿಸುತ್ತಾ ನಿಂತೇ ಬಂದಳು. ಮನೆಯಲ್ಲಿ ಅಜ್ಜಿ ಅವಳನ್ನು ತಿರುಗಿಸಿ ನಿಲ್ಲಿಸಿ, ಅಕ್ಷರಗಳ ಮೇಲೆ ಬೆರಳಾಡಿಸಿ, "ಏನಂತ ಬರ್ದವ್ರೆ ಮಗ?" ಎಂದು ನನ್ನನ್ನು ಕೇಳಿತು. ನಾನು ಓದಿ ಹೇಳಿದೆ. ಇಂಗ್ಲಿಷಿನಲ್ಲಿ ಬರೆದಿದ್ದರು. ಮೂರು ಸಲ ಪರೀಕ್ಷೆ ಬರೆದದ್ದು ಸಾರ್ಥಕ ಅನ್ನಿಸಿತು.

ರಾಷ್ಟ್ರೀಯ ಪಂದ್ಯದಲ್ಲಿ ಅವಳು ಒಮ್ಮೆಯೂ ಬೀಳಲಿಲ್ಲ. ಬೀಮಿನಲ್ಲಿ ಏಳನೆಯ ಸ್ಥಾನ. ಆಟ ಮುಗಿಸಿ ತೀರ್ಪುಗಾರರಿಗೆ ಕೈಯೆತ್ತಿ ವಂದಿಸಿದ ಮೇಲೆ ವಾಪಸು ಹೋಗಿ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳಂತೆ. ಮುಂದಿನ ಹುಡುಗಿ ಕಾಯುತ್ತಾ ನಿಂತಿದ್ದಳಂತೆ. "ಬೀಳ್ನಿಲ್ವಲ್ಲೇ, ಮತ್ಯಾಕೆ?" ಎಂದೆ ಫೋನಿನಲ್ಲಿ. "ಅಷ್ಟೊತ್ತು ಒದ್ದಿದೀನಲ್ಲಮ್ಮಿ," ಎಂದಳು.

ಮರುವರ್ಷ ಮಂಡಿ ಆಪರೇಷನ್ನಾಯಿತು, ಆಟ ನಿಂತಿತು. ಕೋಚ್ ತರಬೇತಿಗೆಂದು ಉತ್ತರದ ಕಡೆ ಹೊರಟಳು. ನಾನೀಗ ಟಿ. ನರಸೀಪುರದ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅವಳು ಅಲ್ಲೆಲ್ಲೋ ಪುಟ್ಟ ಹುಡುಗಿಯರನ್ನು ತಲೆಕೆಳಗೆ ನಿಲ್ಲಿಸುತ್ತಾಳೆ. ಆಮೇಲೆ ನಾವು ಮುಖಾಮುಖಿ ಆಗಿಲ್ಲ.

ಕೊನೆಯ ಸಲ ನೋಡಿದ್ದು ಅವಳು ಹೊರಟ ದಿನ, ನಂಜನಗೂಡಿನ ರೈಲ್ವೆ ಸ್ಟೇಷನ್ನಿನಲ್ಲಿ. ಅದೇ ವಾರ ನನ್ನ ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದಿತ್ತು. ತೋರಿಸಲೆಂದು ಚೀಲದಲ್ಲಿಟ್ಟು ತಂದಿದ್ದೆ. ನೋಡಿದಳು, ನನ್ನ ಬೆನ್ನಿಗೊಂದು ಗುದ್ದಿದಳು. ರೈಲು ಬಂತು. ಅವಸರದಲ್ಲಿ ಬ್ಯಾಗುಗಳನ್ನು ಎತ್ತಿಕೊಳ್ಳುವಾಗ ಅವಳ ಕಾಲು ನನ್ನ ಚೀಲಕ್ಕೆ ತಗುಲಿತು. ದೊಡ್ಡತಾಯಿ ಬ್ಯಾಗುಗಳನ್ನು ಮತ್ತೆ ಕೆಳಗಿಟ್ಟಳು.

"ಲೇ, ರೈಲ್ ಒಂಟೋಯ್ತದೆ, ಮ್ಯಾಕ್ ಅತ್ತೇ!"

"ಇರಮ್ಮಿ, ಕೇಳ್ಕತಾ ಇವ್ನಿ."

ಚೀಲ ಮುಟ್ಟಿದಳು. ರೈಲು ಅಲುಗಿತು. ನನ್ನ ಬೆರಳುಗಳು ತಾವಾಗಿಯೇ ಎಣಿಸತೊಡಗಿದವು. ಏಳಕ್ಕೆ ಕಣ್ಣು, ಎಂಟಕ್ಕೆ ಕೆನ್ನೆ.

ಒಂಬತ್ತಕ್ಕೆ ಹತ್ತಿದಳು.